ಹೊತ್ತು

ಬೆಳಗಿನ ಐದಕ್ಕೆ ಅಂಗಳದ ನಲ್ಲಿಯಲ್ಲಿ
ಎರಡು ನೀಲಿ ಡಬ್ಬ ತುಂಬುತ್ತೇನೆ,
ತಲಾ ಹದಿನೈದು ಲೀಟರು.
ನೀರು ಸಣ್ಣಗೆ ಬರುತ್ತದೆ. ಕಾಯಬೇಕು.
ಬೇಲಿಯಾಚೆ ಲಿಯೋಟಾ, ಎಂಬತ್ತು ದಾಟಿದವಳು,
ಕಂಬಳಿ ಹೊದ್ದು ಕಾಫಿ ಹಿಡಿದು ಕೂತಿರುತ್ತಾಳೆ:
"ಬೆಟ್ಟಕ್ಕೆ ನೀರು ಕುಡಿಸೋಕೆ ಹೊರಟೆಯಾ?"
ಚಾಲಿಸ್ ಊರಿಗೆಲ್ಲ ಆಗಲೇ ಸಾರಿದ್ದಾಳೆ,
ಸ್ಕೂಲ್ ಬಸ್ ರಿಪೇರಿ ಮಾಡುವ ವರ್ನ್‌ಗೆ
ಐವತ್ತೊಂದಕ್ಕೇ ತಲೆ ಕೆಟ್ಟಿತು ಅಂತ.

ಬೆಟ್ಟಕ್ಕೆ ಹೆಸರಿಲ್ಲ.
ನಕ್ಷೆಯಲ್ಲಿ ಬರೀ ಒಂದು ಅಂಕಿ.
ಸೇಜ್ ಪೊದೆ, ಜಾರುವ ಕಲ್ಲು,
ನೆತ್ತಿಯಲ್ಲಿ ಅರೆಜೀವದ ಒಂದು ಜುನಿಪರ್ ಮರ.
ಮೊದಲ ತಿರುವಿನಲ್ಲಿ ಚೀಲ ಹಗುರ, ಸುಳ್ಳು ಹೇಳುತ್ತದೆ.
ಮೂರನೆಯದರಲ್ಲಿ ಪಟ್ಟಿ
ಹೆಗಲ ಮೂಳೆಯನ್ನು ಹುಡುಕಿಕೊಳ್ಳುತ್ತದೆ.
ಆರನೆಯದರ ಹೊತ್ತಿಗೆ ನಾನೆಂಬುವವನು ಇಲ್ಲ,
ಎರಡು ತೊಡೆ, ಒಂದು ಉಸಿರು,
ಬೆನ್ನ ಹಿಂದೆ ಗುಳುಗುಳು ಮಾತಾಡುವ ನೀರು.
ಹೊತ್ತು ಮೂಡುವ ಹೊತ್ತಿಗೆ
ಹೊತ್ತು ನಿಂತಿರುತ್ತೇನೆ ನೆತ್ತಿಯ ಮೇಲೆ.

ಲಿಯೋಟಾಗೆ ಹೇಳದ್ದು ಇಷ್ಟು.
ಹೋದ ಅಕ್ಟೋಬರಿನಲ್ಲಿ, ಮೂರನೆಯ ದಿಣ್ಣೆಯಾಚೆ,
ಒಂದೇ ಗುಂಡಿಗೆ ಮಲಗಿತು ಹೆಣ್ಣು ಎಲ್ಕ್.
ಕೈ ನಡುಗಲಿಲ್ಲ, ಅದೊಂದು ಹೆಮ್ಮೆ.
ಚರ್ಮ ಬಿಡಿಸಿದೆ, ಸೀಳಿದೆ, ಹೊತ್ತೆ,
ಎರಡು ದಿನ, ಮೂರು ಸರತಿ.
ನಾಲ್ಕನೆಯದಕ್ಕೆ ಮೊಣಕಾಲು ಮಡಿಸಿ ಕೂತಿತು,
ಮೊಂಡು ಹೇಸರಗತ್ತೆಯ ಹಾಗೆ.
ಹಿಂದೊಡೆಯೊಂದನ್ನು ಫರ್ ಮರಕ್ಕೆ ತೂಗುಹಾಕಿ ಬಂದೆ.
ಆ ರಾತ್ರಿ ಚಳಿ ಬೀಳಲಿಲ್ಲ.
ಮರುದಿನವೂ.
ಗಾರ್ತ್‌ನ ಕರಕೊಂಡು ಮತ್ತೆ ಹತ್ತಿದಾಗ
ವಾಸನೆಯೇ ದಾರಿ ತೋರಿಸಿತು.
ಗಾರ್ತ್ ಏನೂ ಅನ್ನಲಿಲ್ಲ, ಟೋಪಿ ತೆಗೆದು ತಲೆ ಕೆರೆದ.
ಅವನು ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆ ತೊಡೆಯ ತೂಕ ಮೂವತ್ತು ಕೆಜಿ.
ಲೀಟರಿಗೆ ಒಂದರಂತೆ ನೀವೇ ಲೆಕ್ಕ ಹಾಕಿ.

ಮೊಣಕಾಲು ನೋಡುವ ಮಾರ್ಲಿಸ್ ಹೇಳಿದಳು:
ಹೊತ್ತು ಏರು, ಮೇಲೆ ಚೆಲ್ಲು, ಖಾಲಿಯಾಗಿ ಇಳಿ.
ಮೂಳೆ ಸವೆಯುವುದು ಇಳಿಜಾರಿನಲ್ಲಿ.
ಹಾಗಾಗಿ ಮೇ ತಿಂಗಳಿಂದ ದಿನವೂ
ಜುನಿಪರ್ ಬುಡಕ್ಕೆ ಮೂವತ್ತು ಲೀಟರು.
ಮೊದಮೊದಲು ಮಣ್ಣು ಕುಡಿಯಲೂ ಅರಿಯದೆ
ನೀರನ್ನು ಕೆಳಕ್ಕೆ ಉರುಳಿಸುತ್ತಿತ್ತು.
ಜೂನ್ ಕೊನೆಗೆ ಒಂದು ಬೊಗಸೆ ಹಸಿರು.
ಜುಲೈಯಲ್ಲಿ ಚಾಪೆಯಗಲ,
ಸುತ್ತಲಿನ ಬೆಟ್ಟವೆಲ್ಲ ರೊಟ್ಟಿಯಂತೆ ಸುಟ್ಟಿರುವಾಗ.
ಒಂದು ದಿನ ಅಲ್ಲಿ ಜಿಂಕೆಯ ಹಿಕ್ಕೆ, ಇನ್ನೂ ಬಿಸಿ.

ಆದರೆ ಆಗಸ್ಟು ಬಂತು.
ಗುಂಡು ಹಾರುವುದು ಏರಿನಲ್ಲಿ, ಮಾಂಸ ಬರುವುದು ಇಳಿತದಲ್ಲಿ.
ಇಳಿಯುವ ಭಾರವನ್ನು
ಕಾಲಿಗೆ ಯಾರು ಕಲಿಸಬೇಕು?
ಮಾರ್ಲಿಸ್‌ನ ಕೇಳಲಿಲ್ಲ.
ಮುಚ್ಚಳ ತಿರುಗಿಸದೆ ಹೊರಟ ಮೊದಲ ದಿನ
ಹುಲ್ಲಿನ ಕಡೆ ನೋಡಲಿಲ್ಲ,
ಸಾಲ ಕೊಟ್ಟವನ ಅಂಗಡಿ ಮುಂದೆ ಹೋಗುವವನಂತೆ.
ಕೆಳಗೆ ಬಂದಾಗ ಮೊಣಕಾಲು ಕುಂಬಳಕಾಯಿ.
ಡಬ್ಬ ತುಂಬಿರುವುದನ್ನು ಲಿಯೋಟಾ ಕಂಡಳು.
"ಇವತ್ತು ಅದಕ್ಕೆ ಉಪವಾಸವೋ?"

ನಾಲ್ಕನೆಯ ದಿನ ಹುಲ್ಲಿನ ತುದಿ ಕಂದಿತ್ತು.

ಈಗ ಮೂವತ್ತೆರಡು.
ಹಾಲಿನ ಹಳೇ ಕ್ಯಾನಿನಲ್ಲಿ ಎರಡು, ಅಲ್ಲಿಗೆ.
ಮೂವತ್ತು ವಾಪಸು, ನನ್ನ ಮೇಲೆ.
ಎರಡು ಸಾಲದು, ನನಗೂ ಗೊತ್ತು.
ಅಂಚು ಒಣಗುತ್ತಿದೆ, ನಡು ಹೇಗೋ ಹಿಡಿದಿದೆ.
ನಾನು ಬಂದೂಕು ಹಿಡಿಯುವವನು, ಹುಲ್ಲಿನ ಅಪ್ಪನಲ್ಲ.
ಆ ಜಿಂಕೆ ಮತ್ತೆ ಕಂಡರೆ
ಏನು ಮಾಡುತ್ತೇನೋ ಯೋಚಿಸಿಲ್ಲ.
ನನ್ನ ಪರವಾನಗಿ ಎಲ್ಕಿಗೆ ಮಾತ್ರ, ಅದೊಂದು ನೆಪ ಇದೆ.

ಮಂಗಳವಾರ ಬೇಟೆ ಶುರು.
ಇವತ್ತು ಎದ್ದದ್ದು ಐದೂ ಹತ್ತಕ್ಕೆ.
ಅಂಗಳಕ್ಕೆ ಬಂದರೆ ನಲ್ಲಿ ಆಗಲೇ ಹರಿಯುತ್ತಿದೆ,
ಡಬ್ಬ ಮುಕ್ಕಾಲು ತುಂಬಿದೆ,
ಕ್ಯಾನಿನ ಪಕ್ಕದಲ್ಲಿ ಇನ್ನೊಂದು ಕ್ಯಾನು,
ಹಿಡಿ ಮುರಿದದ್ದು, ನನ್ನದಲ್ಲ.
ಬೇಲಿಯಾಚೆ ಕಂಬಳಿಯೊಳಗೆ ಯಾರೋ
ಗಟ್ಟಿಯಾಗಿ ನಿದ್ದೆಯ ನಟನೆ ಮಾಡುತ್ತಿದ್ದಾರೆ.
ಮೂವತ್ತನಾಲ್ಕು.
ಸೊಂಟದ ಪಟ್ಟಿಯನ್ನು ಒಂದು ತೂತು ಬಿಗಿದುಕೊಂಡೆ.